ವಿಷ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಯಾವ ಮಣ್ಣನ್ನು ಒಪ್ಪಿಸಬಹುದು?

ಮೆಕ್ಕೆಜೋಳದ ಕಾಳು ಬಿಡಿಸಿಕೊಂಡ ಮೇಲೆ ಉಳಿಯುವ ದಿಂಡನ್ನು ಪುಡಿ ಮಾಡಿ, ಕಚ್ಚಾತೈಲ ತಿಂದು ಬದುಕುವ ಐದು ಬಗೆಯ ಬ್ಯಾಕ್ಟೀರಿಯಾಗಳನ್ನು ಅದಕ್ಕೆ ಬೆರೆಸಿ, ಚೀಲಗಳಲ್ಲಿ ತುಂಬಿ ತೈಲಬಾವಿಗಳ ಕಡೆಗೆ ಕಳಿಸುತ್ತಾರೆ. ದೆಹಲಿಯ ಟೆರಿ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ ಈ ಪುಡಿಗೆ ‘ಆಯಿಲ್‌ಝ್ಯಾಪರ್’ ಎಂದು ಹೆಸರು. ಅಸ್ಸಾಂ, ಗುಜರಾತಿನ ತೈಲ ಪ್ರದೇಶಗಳಲ್ಲಿ ಟ್ಯಾಂಕುಗಳ ತಳದಲ್ಲಿ ಕೂರುವ ಗಸಿಗೂ ಎಣ್ಣೆ ಸುರಿದು ಕೆಟ್ಟ ನೆಲಕ್ಕೂ ಇದನ್ನು ಬಳಸಿದ್ದಾರೆ. ಒಎನ್‌ಜಿಸಿ ಮತ್ತು ಟೆರಿ ಸೇರಿ ಇದಕ್ಕೆಂದೇ ಒಂದು ಕಂಪನಿಯನ್ನೂ ಕಟ್ಟಿವೆ. ಬ್ಯಾಕ್ಟೀರಿಯಾದಿಂದ ಮಣ್ಣು ಶುದ್ಧ ಮಾಡುವುದು ಪ್ರಯೋಗಾಲಯದ ಮಾತು ಎಂದು ತಳ್ಳಿಹಾಕುವ ಕಾಲ ಮುಗಿದಿದೆ. ಈಗ ಕೇಳಬೇಕಾದದ್ದು ಯಾವ ವಿಷಕ್ಕೆ, ಎಂಥ ಮಣ್ಣಿಗೆ, ಯಾರ ಕಾವಲಿನಲ್ಲಿ ಎಂದು.

ಕೆಲಸ ನಡೆಯುವ ಜಾಗ ನೋಡಿದರೆ ಅಲ್ಲಿರುವುದೆಲ್ಲ ಬೇಸಾಯದ ಪರಿಕರಗಳೇ. ಅಡಿಗೆ ನೀರು ಇಂಗದಂತೆ ಹಾಳೆ ಹಾಸಿ, ಮೇಲೆ ಎಣ್ಣೆ ಮಣ್ಣನ್ನು ತೆಳ್ಳಗೆ ಹರಡಿ, ಬ್ಯಾಕ್ಟೀರಿಯಾ ಪುಡಿಯನ್ನೂ ಗೊಬ್ಬರವನ್ನೂ ಬೆರೆಸುತ್ತಾರೆ. ಆಮೇಲೆ ನೀರು ಚಿಮುಕಿಸುವುದು, ಟ್ರ್ಯಾಕ್ಟರ್ ಬಿಟ್ಟು ಉಳುವುದು, ಮಾದರಿ ತೆಗೆದು ಪರೀಕ್ಷೆಗೆ ಕಳಿಸುವುದು; ತಿಂಗಳುಗಟ್ಟಲೆ ಇದೇ ಕೆಲಸ. ಎಣ್ಣೆಯಲ್ಲಿ ಇಂಗಾಲ, ಜಲಜನಕ ಬೇಕಾದಷ್ಟಿದೆ. ಅದನ್ನು ತಿಂದು ಸಂತತಿ ಹೆಚ್ಚಿಸಿಕೊಳ್ಳುವ ಜೀವಿಗೆ ಸಾರಜನಕ, ರಂಜಕ ಹೊರಗಿನಿಂದ ಬೇಕು. ಗೊಬ್ಬರ ಹಾಕುವುದು ಅದಕ್ಕೇ. ಉಸಿರಾಟಕ್ಕೆ ಆಮ್ಲಜನಕ ಬೇಕು; ಉಳುಮೆ ಅದಕ್ಕೆ. ಎಲ್ಲ ಕೂಡಿ ಬಂದರೆ ನೇರ ಸರಪಳಿಯ ಹೈಡ್ರೋಕಾರ್ಬನ್‌ಗಳು ಮೊದಲು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಒಡೆಯುತ್ತವೆ. ಉಂಗುರ ರಚನೆಯವು ನಿಧಾನ. ಡಾಂಬರಿನಂಥ ಗಟ್ಟಿ ಭಾಗ ಬಹುಪಾಲು ಹಾಗೇ ಉಳಿಯುತ್ತದೆ. ನಮ್ಮ ಬಿಸಿಲು ಇಲ್ಲಿ ದೊಡ್ಡ ಸಹಾಯ, ಚಳಿ ದೇಶಗಳಲ್ಲಿ ಇದೇ ಕೆಲಸ ವರ್ಷದ ಅರ್ಧ ಕಾಲ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ.

ಈ ವಿಧಾನದ ಪರವಾಗಿ ನಿಲ್ಲುವವರಿಗೆ ಉಳಿದ ದಾರಿಗಳ ಕಷ್ಟವೇ ದೊಡ್ಡ ಬಲ. ಭೋಪಾಲದ ಯೂನಿಯನ್ ಕಾರ್ಬೈಡ್ ಆವರಣದಲ್ಲಿ ಬಿದ್ದಿದ್ದ 337 ಟನ್ ವಿಷತ್ಯಾಜ್ಯವನ್ನು 2025ರ ಜನವರಿಯಲ್ಲಿ ಪೀಥಂಪುರಕ್ಕೆ ಸಾಗಿಸಿ, ಮುಂದಿನ ತಿಂಗಳುಗಳಲ್ಲಿ ಸುಟ್ಟರು. ಅನಿಲ ಸೋರಿ 40 ವರ್ಷ ಕಳೆದಿತ್ತು. ಪೀಥಂಪುರದ ಜನ ಬೀದಿಗಿಳಿದು ವಿರೋಧಿಸಿದರು. ಸುಡುವಾಗ ಸುಣ್ಣ ಮುಂತಾದವನ್ನು ಸೇರಿಸಬೇಕಾದ್ದರಿಂದ, ಕೊನೆಗೆ ಉಳಿದ ಬೂದಿ ಮತ್ತು ಶೇಷ ಮೂಲ ತ್ಯಾಜ್ಯಕ್ಕಿಂತ ಹೆಚ್ಚಾಯಿತು. ಅಗೆದು ಒಯ್ದು ಭದ್ರವಾದ ಗುಂಡಿಯಲ್ಲಿ ಮುಚ್ಚುವುದು ಇನ್ನೊಂದು ದಾರಿ. ನಮ್ಮಲ್ಲಿ ದಾಬಸ್‌ಪೇಟೆಯ ಬಳಿ ಅಂಥ ಘಟಕವಿದೆ. ಅಲ್ಲಿಗೆ ಹೋದ ವಿಷ ವಿಷವಾಗಿಯೇ ಇರುತ್ತದೆ, ಅದನ್ನು ತಲೆಮಾರುಗಳ ಕಾಲ ಕಾಯುತ್ತಿರಬೇಕು. ಇವೆರಡರ ಪಕ್ಕದಲ್ಲಿಟ್ಟು ನೋಡಿದಾಗ, ಇದ್ದಲ್ಲೇ ಅಗ್ಗದಲ್ಲಿ ವಿಷವನ್ನು ಒಡೆದುಹಾಕುವ ಜೀವಿ ಮನಸ್ಸಿಗೆ ಹಿಡಿಸುವುದು ಸಹಜ. ನನಗೂ ಹಿಡಿಸುತ್ತದೆ.

ಆದರೆ ಕಣ್ಣಿಗೆ ಕಾಣುವ ಗೆಲುವನ್ನು ಪೂರ್ತಿ ಗೆಲುವೆಂದು ನಂಬಬಾರದು ಎಂಬುದಕ್ಕೆ ಅಲಾಸ್ಕಾ ಸಾಕ್ಷಿ. 1989ರ ಮಾರ್ಚ್‌ನಲ್ಲಿ ‘ಎಕ್ಸಾನ್ ವಾಲ್ಡೀಜ್’ ಹಡಗು ಬಂಡೆಗೆ ಬಡಿದು ಸುಮಾರು 1.1 ಕೋಟಿ ಗ್ಯಾಲನ್ ಕಚ್ಚಾತೈಲ ಚೆಲ್ಲಿತು. ಸ್ನಗ್ ಹಾರ್ಬರ್ ಎಂಬಲ್ಲಿ ಕಲ್ಲಿನ ದಂಡೆಯ ಒಂದು ತುಂಡಿಗೆ ಗೊಬ್ಬರ ಸಿಂಪಡಿಸಿ ಕಾದರು. ಹೊರಗಿನಿಂದ ಬ್ಯಾಕ್ಟೀರಿಯಾ ತರಲಿಲ್ಲ, ಅಲ್ಲೇ ಇದ್ದವಕ್ಕೆ ಪೋಷಕಾಂಶ ಕೊಟ್ಟರು ಅಷ್ಟೇ. ಕೆಲವೇ ವಾರಗಳಲ್ಲಿ ಸುತ್ತಲೂ ಕಪ್ಪಗಿದ್ದ ದಂಡೆಯ ನಡುವೆ ಆ ಚೌಕ ಮಾತ್ರ ಬೆಳ್ಳಗೆ ಎದ್ದು ಕಂಡಿತು. ಆ ಚಿತ್ರಗಳೇ ಈ ವಿದ್ಯೆಗೆ ಜಗತ್ತಿನಾದ್ಯಂತ ಮರ್ಯಾದೆ ತಂದುಕೊಟ್ಟವು. ಅದೇ ಕರಾವಳಿಯ ಕೆಲವು ದಂಡೆಗಳಲ್ಲಿ ಮೇಲಿನ ಕಲ್ಲು ಸರಿಸಿ ಅಗೆದರೆ ದಶಕಗಳ ಮೇಲೂ ಎಣ್ಣೆ ಸಿಗುತ್ತಿತ್ತು. ಆ ಆಳಕ್ಕೆ ಆಮ್ಲಜನಕವೂ ಪೋಷಕಾಂಶವೂ ಸಾಕಷ್ಟು ಇಳಿದಿರಲಿಲ್ಲ. ಜೇಡಿಮಣ್ಣಿನ ಕೈಗಾರಿಕಾ ಪ್ರದೇಶಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ವರ್ಷಗಟ್ಟಲೆ ಮಣ್ಣಿನ ಕಣಕ್ಕೆ ಅಂಟಿಕೊಂಡು ಕೂತ ರಾಸಾಯನಿಕ ಬ್ಯಾಕ್ಟೀರಿಯಾದ ಬಾಯಿಗೇ ಸಿಗುವುದಿಲ್ಲ.

ಹೊರಗಿನ ಬ್ಯಾಕ್ಟೀರಿಯಾ ತರಬೇಕೋ, ಇದ್ದವನ್ನೇ ಸಾಕಬೇಕೋ ಎಂಬ ತಕರಾರು ಈ ಕ್ಷೇತ್ರದಲ್ಲಿ ಹಳೆಯದು. ಭಾರತ ಮೂಲದ ಆನಂದ ಮೋಹನ ಚಕ್ರವರ್ತಿ ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಗಾಗಿ ಎಣ್ಣೆಯ ಹಲವು ಘಟಕಗಳನ್ನು ಒಡೆಯಬಲ್ಲ ಸೂಡೊಮೊನಾಸ್ ತಳಿಯೊಂದನ್ನು ಸಿದ್ಧಪಡಿಸಿದರು. 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಅದಕ್ಕೆ ಪೇಟೆಂಟ್ ಕೊಡಬಹುದೆಂದಿತು. ಕಾನೂನಿನ ಚರಿತ್ರೆಯಲ್ಲಿ ಆ ತಳಿಗೆ ದೊಡ್ಡ ಜಾಗವಿದೆ, ಆದರೆ ಎಣ್ಣೆ ಚೆಲ್ಲಿದ ಜಾಗದಲ್ಲಿ ಅದು ಎಂದೂ ಕೆಲಸಕ್ಕೆ ಇಳಿಯಲಿಲ್ಲ. ಹೊಸ ಜೀವಿಯನ್ನು ಬಯಲಿಗೆ ಬಿಡುವ ಭಯ ಒಂದು ಕಡೆ. ಹೊಸಬ ಸ್ಥಳೀಯ ಜೀವಿಗಳ ಪೈಪೋಟಿಯಲ್ಲಿ ಉಳಿಯುತ್ತಾನೆಯೇ ಎಂಬ ಅನುಮಾನ ಇನ್ನೊಂದು ಕಡೆ.

ಕೀಟನಾಶಕ ಮತ್ತು ದ್ರಾವಕಗಳ ವಿಷಯಕ್ಕೆ ಬಂದರೆ ತಕ್ಕಡಿ ಯಾವ ಕಡೆಗೂ ಸಲೀಸಾಗಿ ವಾಲುವುದಿಲ್ಲ. ಒಂದು ಟನ್ ಲಿಂಡೇನ್ ಕೀಟನಾಶಕ ತಯಾರಿಸಿದರೆ 8ರಿಂದ 12 ಟನ್ ಬೇಡದ ಎಚ್‌ಸಿಎಚ್ ತ್ಯಾಜ್ಯ ಉಳಿಯುತ್ತಿತ್ತು. ಲಖನೌ ಸುತ್ತಮುತ್ತ ಅದನ್ನು ಬಯಲಲ್ಲೇ ಸುರಿದ ಜಾಗಗಳಿವೆ. ದೆಹಲಿ ವಿಶ್ವವಿದ್ಯಾಲಯದ ರೂಪ್ ಲಾಲ್ ಮತ್ತು ಸಂಗಡಿಗರು ‘ಸ್ಫಿಂಗೋಬಿಯಂ ಇಂಡಿಕಂ ಬಿ90ಎ’ ಎಂಬ ಬ್ಯಾಕ್ಟೀರಿಯಾ ಈ ವಿಷವನ್ನು ಒಡೆಯುವ ಬಗೆಯನ್ನು ವರ್ಷಗಳ ಕಾಲ ಅಧ್ಯಯನ ಮಾಡಿದರು. ಆದರೆ ಇದರ ಬೀಟಾ ರೂಪ ಹಟಮಾರಿ, ಸುಲಭಕ್ಕೆ ಜಗ್ಗದು. ಇನ್ನೂ ಎಚ್ಚರ ಬೇಕಾದದ್ದು ಲೋಹದ ಭಾಗಗಳ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್ ವಿಷಯದಲ್ಲಿ. ಆಮ್ಲಜನಕವಿಲ್ಲದ ಕಡೆ ಬ್ಯಾಕ್ಟೀರಿಯಾಗಳು ಅದರ ಕ್ಲೋರಿನ್ ಪರಮಾಣುಗಳನ್ನು ಒಂದೊಂದಾಗಿ ಕಳಚುತ್ತವೆ. ಕೊನೆಯ ಹೆಜ್ಜೆ ಇಡಬಲ್ಲ ‘ಡಿಹ್ಯಾಲೊಕೊಕಾಯ್ಡಿಸ್’ ಅಲ್ಲಿದ್ದರೆ ನಿರಪಾಯದ ಎಥಿಲೀನ್ ಸಿಗುತ್ತದೆ. ಅದು ಇಲ್ಲದೆ ಕ್ರಿಯೆ ನಡುವೆ ನಿಂತರೆ ವಿನೈಲ್ ಕ್ಲೋರೈಡ್ ಶೇಖರವಾಗುತ್ತದೆ, ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವುದೆಂದು ಸಾಬೀತಾದ ವಸ್ತು. ಅರ್ಧಕ್ಕೆ ಬಿಟ್ಟ ಚಿಕಿತ್ಸೆ ಇಲ್ಲಿ ಚಿಕಿತ್ಸೆ ಮಾಡದಿರುವುದಕ್ಕಿಂತ ಕೆಟ್ಟದ್ದಾಗಬಹುದು.

ಲೋಹ ಮಾತ್ರ ಬೇರೆಯೇ ಕಥೆ. ಸೀಸ, ಪಾದರಸ, ಕ್ರೋಮಿಯಂಗಳನ್ನು ಯಾವ ಜೀವಿಯೂ ತಿಂದು ಇಲ್ಲವಾಗಿಸಲಾರದು. ಬೆಂಗಳೂರಿನ ಪೀಣ್ಯದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಕ್ರೋಮಿಯಂ ಅಂತರ್ಜಲಕ್ಕೆ ಇಳಿದಿರುವುದು ದಾಖಲಾದ ಸಂಗತಿ. ಬ್ಯಾಕ್ಟೀರಿಯಾಗಳಿಗೆ ಕಾಕಂಬಿಯಂಥ ಅಗ್ಗದ ಆಹಾರ ಕೊಟ್ಟರೆ ನೀರಿನಲ್ಲಿ ಕರಗಿ ಹರಿಯುವ ಹೆಕ್ಸಾವೇಲೆಂಟ್ ಕ್ರೋಮಿಯಂ ಅಷ್ಟಾಗಿ ಕರಗದ, ವಿಷವೂ ಕಡಿಮೆಯಿರುವ ಟ್ರೈವೇಲೆಂಟ್ ರೂಪಕ್ಕೆ ಬದಲಾಗುತ್ತದೆ. ಕೊಳವೆಬಾವಿ ನಂಬಿದವರಿಗೆ ಇದು ಸಣ್ಣ ಉಪಕಾರವಲ್ಲ. ಆದರೂ ಕ್ರೋಮಿಯಂ ಅಲ್ಲೇ ಇದೆ, ಮಣ್ಣಿನ ಮ್ಯಾಂಗನೀಸ್ ಆಕ್ಸೈಡ್ ಅದನ್ನು ಮತ್ತೆ ಹಳೆಯ ರೂಪಕ್ಕೆ ತರಬಲ್ಲದು. ಇದನ್ನು ಕಟ್ಟಿಹಾಕುವುದು ಎನ್ನಬಹುದು, ಶುದ್ಧೀಕರಣ ಎಂದು ಕರೆಯುವುದನ್ನು ನಾನು ಒಪ್ಪಲಾರೆ.

ಹೀಗಾಗಿ ಎಣ್ಣೆ ಮಣ್ಣಿಗೆ, ಅದೂ ಉತ್ತು ಗಾಳಿಯಾಡಿಸಬಹುದಾದ ಮಣ್ಣಿಗೆ, ಬ್ಯಾಕ್ಟೀರಿಯಾವೇ ಮೊದಲ ಆಯ್ಕೆಯಾಗಲಿ ಎಂಬುದು ನನ್ನ ನಿಲುವು. ದ್ರಾವಕ, ಕೀಟನಾಶಕಗಳಿಗೆ ಬಿಗಿ ಕಾವಲಿನಲ್ಲಿ ಪ್ರಯತ್ನಿಸಲಿ. ಲೋಹಕ್ಕೆ ಇದೊಂದನ್ನೇ ನೆಚ್ಚಿಕೊಳ್ಳುವುದು ಬೇಡ. 2025ರಲ್ಲಿ ಕೇಂದ್ರ ಸರ್ಕಾರ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ನಿಯಮ ಹೊರಡಿಸಿ, ಕೆಡಿಸಿದವರೇ ಖರ್ಚು ಭರಿಸಬೇಕೆಂದಿದೆ. ಖರ್ಚು ಭರಿಸುವವರು ಅಗ್ಗದ ದಾರಿ ಹುಡುಕುತ್ತಾರೆ, ಅದರಲ್ಲಿ ತಪ್ಪಿಲ್ಲ. ಆತಂಕ ಇರುವುದು ಕೆಲಸ ಮುಗಿಯಿತೆಂದು ಯಾವ ಆಧಾರದ ಮೇಲೆ ಹೇಳುತ್ತಾರೆ ಎಂಬಲ್ಲಿ. ಎಣ್ಣೆಯ ಒಟ್ಟು ಪ್ರಮಾಣ ಇಳಿಯಿತು ಎಂಬ ಒಂದೇ ಅಂಕಿ ಸಾಲದು, ಏಕೆಂದರೆ ಅದರಲ್ಲಿ ಒಂದು ಪಾಲು ಉಳುವಾಗ ಆವಿಯಾಗಿ ಊರಿನ ಗಾಳಿಗೇ ಸೇರಿರಬಹುದು. ಮೇಲ್ಮಣ್ಣಿನ ಜೊತೆಗೆ ಆಳದ ಮಾದರಿ, ನಡುಹಂತದ ರಾಸಾಯನಿಕಗಳ ಅಳತೆ, ಆ ಮಣ್ಣಿನಲ್ಲಿ ಬೀಜ ಮೊಳೆಯುತ್ತದೆಯೇ, ಎರೆಹುಳು ಬದುಕುತ್ತದೆಯೇ ಎಂಬ ಪರೀಕ್ಷೆ, ಒಂದು ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಇದೆಲ್ಲದರ ತಪಾಸಣೆ ನಡೆಯಬೇಕು. ಮಾದರಿ ತೆಗೆಯುವವರಿಗೆ ಕಾರ್ಖಾನೆಯಿಂದ ನೇರವಾಗಿ ಹಣ ಸಂದಾಯವಾಗಬಾರದು. ವರದಿ ಕನ್ನಡದಲ್ಲಿರಬೇಕು, ಪಕ್ಕದ ಹೊಲದವರು ಪಂಚಾಯಿತಿ ಕಚೇರಿಗೆ ಹೋಗಿ ಕೇಳಿದರೆ ಅದೇ ದಿನ ಕೈಗೆ ಸಿಗಬೇಕು.