ಹೋರಿಗೆ ಹೋರಿ ಜೋಡಿಯಲ್ಲ: ಎರಡನೇ ನಾಯಿ ತರುವ ಮುನ್ನ



ಹೊಲದ ಮನೆಗೆ ನಾಯಿ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ರಾತ್ರಿ ಕಣದ ಕಾವಲು, ಹಗಲು ಮಂಗಗಳಿಗೆ ಬೆದರಿಕೆ, ಕುರಿ ಹಟ್ಟಿಯ ಸುತ್ತ ಎಚ್ಚರ, ಇಷ್ಟನ್ನೂ ಎರಡು ಹೊತ್ತಿನ ರೊಟ್ಟಿಗೆ ಮಾಡಿಕೊಡುವ ಆಳು ಬೇರೆಲ್ಲಿ ಸಿಕ್ಕಾನು? ಆದರೆ ಈಚೆಗೆ ಹಳ್ಳಿಗಳಿಗೆ ಹೋದಾಗ, ಬೀಜ-ಗೊಬ್ಬರದ ಮಾತು ಮುಗಿದ ಮೇಲೆ, ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ: "ಸಾಹೇಬರೇ, ನಮ್ಮ ನಾಯಿಗೆ ಈಗ ಒಂದು ವರ್ಷ. ನಿಂತಲ್ಲಿ ನಿಲ್ಲುವುದಿಲ್ಲ. ಕೋಳಿ ಅಟ್ಟುತ್ತದೆ, ಹಗ್ಗ ಕಡಿಯುತ್ತದೆ, ಮೆಣಸಿನ ಪಾತಿ ಕೆದರುತ್ತದೆ. ಜೊತೆಗೆ ಇನ್ನೊಂದು ಮರಿ ತಂದು ಬಿಟ್ಟರೆ ಸುಮ್ಮನಾದೀತೇ?"

ಈ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಜೊತೆ ಬೇಕು ಎಂಬುದು ನಿಜ, ಆದರೆ ಇನ್ನೊಂದು ಮರಿ ಆ ಜೊತೆಯಲ್ಲ. ಇದು ನಿಮಗೆ ಹೊಸ ವಿಷಯವೂ ಅಲ್ಲ. ಇಂದು ಬಹುಪಾಲು ಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ, ನಿಜ. ಆದರೂ ಹೋರಿ ಪಳಗಿಸುವ ಬಗೆ ನಮ್ಮ ಹಿರಿಯರಿಗೆ ಮರೆತಿಲ್ಲ. ನೊಗ ಕಾಣದ ಹೋರಿಯನ್ನು ಅವರು ಯಾವುದರ ಪಕ್ಕಕ್ಕೆ ಕಟ್ಟುತ್ತಿದ್ದರು? ಸಾಲು ಬಲ್ಲ, ಮಾತು ಬಲ್ಲ ಹಳೆಯ ಎತ್ತಿನ ಪಕ್ಕಕ್ಕೆ. ಎರಡು ಹೊಸ ಹೋರಿಗಳನ್ನು ಒಂದೇ ನೊಗಕ್ಕೆ ಕಟ್ಟಿದವನ ನೇಗಿಲು ಮುರಿಯಿತೇ ಹೊರತು ಹೊಲ ಉತ್ತಿದ್ದಿಲ್ಲ. ನಾಯಿಯ ವಿಷಯದಲ್ಲಿಯೂ ಇದೇ ನ್ಯಾಯ.

ಮೊದಲು ಇರುವ ನಾಯಿಯನ್ನು ನೋಡಿ

ಆರು ತಿಂಗಳಿಂದ ಎರಡು ವರ್ಷದವರೆಗಿನ ನಾಯಿ ಮೈಯಲ್ಲಿ ದೊಡ್ಡದು, ಬುದ್ಧಿಯಲ್ಲಿ ಮರಿ. ಅದರಲ್ಲೂ ಮುಧೋಳ ತಳಿಯಂತಹ ಓಟದ ನಾಯಿಗೆ ಕಣ್ಣಿಗೆ ಬಿದ್ದದ್ದನ್ನು ಅಟ್ಟುವುದು ಹುಟ್ಟುಗುಣ. 2005ರಲ್ಲಿ ನಮ್ಮ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಅಂಚೆಚೀಟಿ ಹೊರತಂದಿತು. ಹೆಸರು ದೂರದೂರಿಗೂ ಹಬ್ಬಿತು. ಇಂದು ಎಷ್ಟೋ ಮನೆಗಳಲ್ಲಿ ಈ ನಾಯಿ ಇದೆ. ಆದರೆ ಮೈಲಿಗಟ್ಟಲೆ ಓಡಲು ಹುಟ್ಟಿದ ಪ್ರಾಣಿಯನ್ನು ಬೆಳಗಿನಿಂದ ಸಂಜೆಯವರೆಗೆ ಎರಡು ಮಾರಿನ ಸರಪಳಿಗೆ ಕಟ್ಟಿ, ಕತ್ತಲಾದ ಮೇಲೆ ಬಿಟ್ಟರೆ ಅದು ಪಾತಿ ಕೆದರದೆ ಇನ್ನೇನು ಮಾಡೀತು?

ಆದ್ದರಿಂದ ಎರಡನೆಯದನ್ನು ತರುವ ಯೋಚನೆಗೆ ಮುಂಚೆ ಒಂದು ತಿಂಗಳು ಹೀಗೆ ಮಾಡಿ ನೋಡಿ. ಬೆಳಿಗ್ಗೆ ಬಿಸಿಲೇರುವ ಮುನ್ನ ಒಂದು ಗಂಟೆ, ಸಂಜೆ ಒಂದು ಗಂಟೆ ನಿಮ್ಮ ಜೊತೆಗೆ ಹೊಲದ ಬದುವಿನ ಮೇಲೆ ನಡೆಸಿಕೊಂಡು ಹೋಗಿ. ಊಟವನ್ನು ಗೊತ್ತಾದ ಹೊತ್ತಿಗೆ, ನಿಮ್ಮ ಕೈಯಿಂದಲೇ ಹಾಕಿ. "ಬಾ", "ಕೂಡು", "ಬಿಡು" ಎಂಬ ಮೂರು ಮಾತು ಕಲಿಸಿ. ಮಾತು ಕೇಳಿದಾಗ ಒಂದು ತುಣುಕು ರೊಟ್ಟಿ ಕೊಡಿ, ಕೇಳದಿದ್ದಾಗ ಹೊಡೆಯಬೇಡಿ. ಹೊಡೆತ ತಿಂದ ನಾಯಿ ಕರೆದಾಗ ಹತ್ತಿರ ಬರುವುದನ್ನೇ ಬಿಡುತ್ತದೆ. ಕೆಲವು ತರುಣರು ಮೋಟಾರ್ ಸೈಕಲ್ಲಿಗೆ ಹಗ್ಗ ಕಟ್ಟಿ ನಾಯಿ ಓಡಿಸುತ್ತಾರೆ. ಒಂದು ವರ್ಷ ತುಂಬದ ನಾಯಿಯ ಮೂಳೆ-ಕೀಲು ಇನ್ನೂ ಬಲಿತಿರುವುದಿಲ್ಲ. ಇದರಿಂದ ಅದು ಕುಂಟಾಗುವ ಸಂಭವವೇ ಹೆಚ್ಚು.

ಒಂದು ತಿಂಗಳ ನಂತರ ಪರೀಕ್ಷೆ ಮಾಡಿ. ಹೊಲದ ಆ ತುದಿಯಲ್ಲಿ ಮೂಸುತ್ತಿರುವ ನಾಯಿ ನೀವು ಕರೆದರೆ ತಿರುಗಿ ಬರುತ್ತದೆಯೇ? ಬಂದರೆ ಎರಡನೇ ನಾಯಿಯ ಮಾತು ಆಡೋಣ. ಬಾರದಿದ್ದರೆ ಇನ್ನೂ ಒಂದು ತಿಂಗಳು ಕಲಿಸಿ. ಏಕೆಂದರೆ ಎರಡನೆಯದು ಬಂದ ದಿನದಿಂದ ನಿಮ್ಮ ಮಾತಿಗಿಂತ ಅದರ ಜೊತೆಗಾರನ ಮಾತೇ ಹೆಚ್ಚಾಗುತ್ತದೆ. ಸಂಗ ದೋಷದಿಂದ ಸನ್ಯಾಸಿ ಕೆಟ್ಟನಂತೆ. ನಾಯಿ ಕೆಡಲು ಎಷ್ಟು ಹೊತ್ತು?

ಒಂದು ನಾಯಿಗಿಲ್ಲದ ಧೈರ್ಯ ಎರಡಕ್ಕಿದೆ

ಒಂಟಿ ನಾಯಿ ಕುರಿಯನ್ನು ಅಟ್ಟಿದರೆ ಅರ್ಧ ಫರ್ಲಾಂಗು ಓಡಿ ನಿಲ್ಲುತ್ತದೆ. ಎರಡಾದರೆ ಒಂದು ಅಟ್ಟುತ್ತದೆ, ಇನ್ನೊಂದು ಅಡ್ಡ ಹಾಕುತ್ತದೆ. ಆಟವಾಗಿ ಶುರುವಾದದ್ದು ಬೇಟೆಯಾಗಿ ಮುಗಿಯುತ್ತದೆ. ನೆರೆಯವನ ಆಡಿನ ಮರಿ ಸತ್ತರೆ ಅದರ ಬೆಲೆ ತೆರಬೇಕು. ಅದಕ್ಕಿಂತ ಹೆಚ್ಚಾಗಿ, ಬದುವಿಗೆ ಬದು ಹೊಂದಿದವರ ನಡುವಿನ ಮಾತುಕತೆ ನಿಂತುಹೋಗುತ್ತದೆ. ಮನೆಯ ಮುಂದೆ ಆಡುವ ಮಕ್ಕಳ ಮೇಲೆ ಹಾರಿದರಂತೂ ಕೇಳುವುದೇ ಬೇಡ. "ನಾಯಿ ಮಾಡಿದ್ದು, ನಾನೇನು ಮಾಡಲಿ" ಎಂದು ಕೈತೊಳೆದುಕೊಳ್ಳಲು ಆಗುವುದಿಲ್ಲ.

ಮೊಲದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜೋಡಿ ನಾಯಿ ಬಿಟ್ಟು ಮೊಲ ಹಿಡಿಸುವುದನ್ನು ಕೆಲವರು ಇನ್ನೂ ಶೌರ್ಯವೆಂದು ತಿಳಿದಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಎರಡನೇ ನಾಯಿಯನ್ನು ಆ ಉದ್ದೇಶಕ್ಕೆ ತರುವುದಾದರೆ ಮುಂದೆ ಓದುವ ಅಗತ್ಯವಿಲ್ಲ.

ಆಯ್ಕೆ ಹೇಗೆ?

ಇಷ್ಟೆಲ್ಲ ಯೋಚಿಸಿಯೂ ಎರಡನೆಯದು ಬೇಕೆನಿಸಿದರೆ, ಇರುವ ನಾಯಿಯ ಗುಣದ ಪಟ್ಟಿ ಮಾಡಿ, ಅದಕ್ಕೆ ಎದುರಾದ ಗುಣಗಳನ್ನು ಹುಡುಕಿ.

ವಯಸ್ಸು: ಚುರುಕಿನ ಎಳೆಯ ನಾಯಿಗೆ ಮೂರು-ನಾಲ್ಕು ವರ್ಷದ, ಹೊಲ-ಮನೆಯ ರೀತಿ ಬಲ್ಲ ನಾಯಿ ಉತ್ತಮ ಜೊತೆ. ಸಂಬಂಧಿಕರಲ್ಲಿಯೋ ಪಕ್ಕದ ಊರಿನಲ್ಲಿಯೋ ಜಮೀನು ಮಾರಿ ಪೇಟೆ ಸೇರುವವರು ಇಂಥ ನಾಯಿಯನ್ನು ಬಿಟ್ಟುಹೋಗುತ್ತಾರೆ. ಬೀದಿಗೆ ಬೀಳುವ ಮುನ್ನ ಕೇಳಿ ತಂದುಕೊಳ್ಳಿ. ಮರಿಯೇ ಬೇಕೆಂದರೆ ಮೊದಲನೆಯದಕ್ಕೆ ಎರಡು ವರ್ಷ ತುಂಬುವವರೆಗೆ ಕಾಯಿರಿ. ಆಗ ಅದೇ ಹಳೆಯ ಎತ್ತು, ಹೊಸದು ಹೋರಿ.

ಲಿಂಗ: ಗಂಡಿಗೆ ಹೆಣ್ಣು, ಹೆಣ್ಣಿಗೆ ಗಂಡು ಜೊತೆಯಾದರೆ ಜಗಳ ಕಡಿಮೆ. ಎರಡು ಹೆಣ್ಣು ನಾಯಿಗಳ ನಡುವೆ ಹುಟ್ಟಿದ ಹಗೆ ಆರುವುದು ಬಲು ಕಷ್ಟ. ಆದರೆ ಗಂಡು-ಹೆಣ್ಣು ಒಂದೆಡೆ ಇದ್ದರೆ ಹೆಣ್ಣು ಬೆದೆಗೆ ಬಂದ ಮೂರು ವಾರ ಮನೆಯಲ್ಲಿ ನೆಮ್ಮದಿಯಿಲ್ಲ, ಊರಿನ ಗಂಡು ನಾಯಿಗಳೆಲ್ಲ ನಿಮ್ಮ ಬಾಗಿಲಲ್ಲಿ. ಅದಾದ 63 ದಿನಕ್ಕೆ ಐದಾರು ಮರಿ. ಆ ಮರಿಗಳನ್ನು ಏನು ಮಾಡುತ್ತೀರಿ? ಊರಾಚೆ ಬಿಟ್ಟು ಬರುವುದು ಪರಿಹಾರವಲ್ಲ. ನಾಳೆ ಅವೇ ನಿಮ್ಮ ಕುರಿಗೆ ಬೀಳುತ್ತವೆ. ಪಶುವೈದ್ಯರಲ್ಲಿ ಕನಿಷ್ಠ ಒಂದಕ್ಕಾದರೂ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಎರಡಕ್ಕೂ ಮಾಡಿಸಿದರೆ ಇನ್ನೂ ಲೇಸು. ಇದರಿಂದ ಕಾವಲಿನ ಗುಣ ಹೋಗುತ್ತದೆ ಎಂಬುದು ತಪ್ಪು ಕಲ್ಪನೆ.

ಸ್ವಭಾವ: ಜೊತೆಗೆ ಬರುವ ನಾಯಿ ಸಮಾಧಾನದ್ದಾಗಿರಬೇಕು. ಆದರೆ ಹೆದರುಪುಕ್ಕಲು ಬೇಡ. ಅದು ಎಳೆಯದರ ಕಾಟ ತಾಳದೆ ಮೂಲೆ ಸೇರುತ್ತದೆ, ಇಲ್ಲವೇ ಒಂದು ದಿನ ತಿರುಗಿ ಕಚ್ಚುತ್ತದೆ. ಆಟಕ್ಕೆ ಕರೆದರೆ ಸ್ವಲ್ಪ ಆಡುವ, ಸಾಕಾದಾಗ ಗುರ್‌ ಎಂದು ನಿಲ್ಲಿಸುವ ನಾಯಿಯೇ ಸರಿಯಾದ ಗುರು.

ಗಾತ್ರ: ಓಟದ ನಾಯಿಯ ಜೊತೆಗೆ ಬೆಕ್ಕಿನಷ್ಟು ಸಣ್ಣ ಪೇಟೆ ನಾಯಿ ತರಬೇಡಿ. ಓಡುವ ಸಣ್ಣ ಪ್ರಾಣಿ ಅದರ ಕಣ್ಣಿಗೆ ಮೊಲದಂತೆಯೇ ಕಂಡೀತು. ಹೆಚ್ಚು ಕಡಿಮೆ ಸಮ ಎತ್ತರದ ನಮ್ಮ ನಾಡ ನಾಯಿ ಸಾಕು. ಅದಕ್ಕೆ ನಮ್ಮ ಬಿಸಿಲು, ನಮ್ಮ ಊಟ ಒಗ್ಗಿದೆ.

ಒಂದೇ ಸೂಲಿನ ಎರಡು ಮರಿ: "ಜೋಡಿ ತೆಗೆದುಕೊಂಡರೆ ಅಗ್ಗ" ಎಂದು ಮಾರುವವರು ಹೇಳುತ್ತಾರೆ. ಒಪ್ಪಬೇಡಿ. ಒಟ್ಟಿಗೆ ಬೆಳೆದ ಒಡಹುಟ್ಟುಗಳು ಒಂದಕ್ಕೊಂದು ಅಂಟಿಕೊಂಡು ಮನುಷ್ಯನ ಮಾತಿಗೆ ಕಿವಿಗೊಡುವುದು ಕಷ್ಟ. ಗಂಡು-ಹೆಣ್ಣಾದರೆ ಅಣ್ಣ-ತಂಗಿ ಎಂಬ ಭೇದವಿಲ್ಲದೆ ಕೂಡುತ್ತವೆ, ತಳಿ ಕೆಡುತ್ತದೆ.

ಮೂಲ: ಮರಿ ತರುವಾಗ ತಾಯಿಯನ್ನು ಕಣ್ಣಾರೆ ನೋಡಿ. ತಾಯಿ ಸಿಡುಕಿಯಾದರೆ ಮರಿಯ ಆಸೆ ಬಿಡಿ. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಬಾರದು. ಅಣ್ಣ-ತಮ್ಮಂದಿರ ಜೊತೆ ಆಡುತ್ತಲೇ ಅದು ಎಷ್ಟು ಬಲವಾಗಿ ಕಚ್ಚಬಾರದು ಎಂಬುದನ್ನು ಕಲಿಯುತ್ತದೆ. ಮುಧೋಳ ತಳಿಯೇ ಬೇಕೆನ್ನುವವರು ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರದಲ್ಲಿ ವಿಚಾರಿಸಬಹುದು. ಅದು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು.

ಕುರಿಗಾರರಿಗೆ ಒಂದು ಮಾತು

ಕುರಿ ಹಿಂಡಿನ ನಾಯಿ ಹಿಂಡಿನಲ್ಲೇ ಬೆಳೆಯಬೇಕು. ಕಣ್ಣುಬಿಟ್ಟ ಕೆಲವೇ ವಾರಗಳಿಂದ ಕುರಿಯ ವಾಸನೆ, ಕುರಿಯ ಸದ್ದು ಅಭ್ಯಾಸವಾದ ಮರಿ ಕುರಿಯನ್ನು ತನ್ನವರೆಂದೇ ತಿಳಿಯುತ್ತದೆ. ಆದರೂ ಒಂದು-ಒಂದೂವರೆ ವರ್ಷದ ಹರೆಯದಲ್ಲಿ ಅದು ಕುರಿಮರಿಯ ಕಿವಿ-ಬಾಲ ಎಳೆದು ಆಡುವುದುಂಟು. ಆ ಆಟದಲ್ಲೇ ಮರಿ ಸಾಯುವುದೂ ಉಂಟು. ಆಗ ಹಳೆಯ ನಾಯಿಯೊಂದು ಜೊತೆಗಿದ್ದರೆ ಎಳೆಯದು ಅದರೊಡನೆ ಆಡಿ ದಣಿಯುತ್ತದೆ, ಅದನ್ನು ನೋಡಿ ಕಾವಲೂ ಕಲಿಯುತ್ತದೆ. ಆದ್ದರಿಂದ ಹಳೆಯ ನಾಯಿ ಸಾಯುವವರೆಗೆ ಕಾದು ಹೊಸದನ್ನು ತರಬೇಡಿ; ಅದಕ್ಕೆ ಇನ್ನೂ ಶಕ್ತಿ ಇರುವಾಗಲೇ ಮರಿ ತಂದು ಅದರ ಕೈಕೆಳಗೆ ಬಿಡಿ.

ಮೊದಲ ವಾರಗಳು

ಹೊಸ ನಾಯಿಯನ್ನು ತಂದವರೇ ನೇರವಾಗಿ ಅಂಗಳಕ್ಕೆ ಬಿಡಬೇಡಿ. ಅಂಗಳ ಹಳೆಯದರ ರಾಜ್ಯ. ಎರಡಕ್ಕೂ ಹೊಸದಾದ ಬಯಲಲ್ಲಿ, ಇಬ್ಬರು ಒಂದೊಂದನ್ನು ಹಗ್ಗದಲ್ಲಿ ಹಿಡಿದು, ಹತ್ತು ಮಾರು ಅಂತರದಲ್ಲಿ ಒಂದೇ ದಿಕ್ಕಿಗೆ ನಡೆಸಿ. ಹಗ್ಗ ಬಿಗಿಯಾಗಿರಬಾರದು. ಮೈ ಸಡಿಲಾಗಿ, ಮುಂಗಾಲು ನೆಲಕ್ಕೊತ್ತಿ ಹಿಂಭಾಗ ಎತ್ತಿದರೆ ಅದು ಆಟದ ಕರೆ. ಮೈ ಸೆಟೆದು, ಬಾಲ ನಿಮಿರಿ, ಕಣ್ಣು ಕೀಲಿಸಿ ನಿಂತರೆ ದೂರ ಕರೆದೊಯ್ಯಿರಿ, ಮರುದಿನ ಮತ್ತೆ ನೋಡಿ. ಅಟ್ಟುವವ ಒಮ್ಮೆ, ಅಟ್ಟಿಸಿಕೊಳ್ಳುವವ ಒಮ್ಮೆ, ಹೀಗೆ ಸರದಿ ಬದಲಾಗುತ್ತಿದ್ದರೆ ಜೋಡಿ ಕೂಡಿತೆಂದು ತಿಳಿಯಿರಿ. ಯಾವಾಗಲೂ ಒಂದೇ ಕೆಳಗೆ ಬೀಳುತ್ತಿದ್ದರೆ ಅದು ಆಟವಲ್ಲ, ಕಾಟ.

ಊಟದ ತಟ್ಟೆ ಬೇರೆ, ಮಲಗುವ ಗೋಣಿಚೀಲ ಬೇರೆ ಇರಲಿ. ದಿನಕ್ಕೊಮ್ಮೆ ಎರಡನ್ನೂ ಬೇರೆ ಬೇರೆಯಾಗಿ ಹೊಲಕ್ಕೆ ಕರೆದೊಯ್ಯಿರಿ. ಒಂಟಿಯಾಗಿರಲು ಬಾರದ ನಾಯಿ, ಜೊತೆಗಾರ ಸತ್ತ ದಿನ ಊಟ ಬಿಡುತ್ತದೆ.

ಖರ್ಚು ಮತ್ತು ರೋಗ

ಎರಡು ನಾಯಿ ಎಂದರೆ ಎರಡರಷ್ಟು ಊಟ, ಎರಡರಷ್ಟು ಲಸಿಕೆ. ಬರೀ ಮುದ್ದೆ-ರೊಟ್ಟಿ ಬೆಳೆಯುವ ನಾಯಿಗೆ ಸಾಲದು. ಮೊಟ್ಟೆ, ಮಜ್ಜಿಗೆ, ಬೇಯಿಸಿದ ಮಾಂಸದ ಚೂರು ಸೇರಬೇಕು. ಈರುಳ್ಳಿ ಹಾಕಿದ ಸಾರು ಹಾಕಬೇಡಿ, ಅದು ನಾಯಿಯ ರಕ್ತ ಕೆಡಿಸುತ್ತದೆ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆಯುವ ಪದ್ಧತಿ ಇಂದೇ ನಿಲ್ಲಬೇಕು. ಕುರಿ ಒಂದೇ ಕಡೆಗೆ ಗಿರಗಿರನೆ ಸುತ್ತಿ ಬೀಳುವ ರೋಗ ನೀವು ನೋಡಿದ್ದೀರಿ. ಅದರ ಮೂಲ ನಾಯಿಯ ಹೊಟ್ಟೆಯ ಲಾಡಿಹುಳು. ನಾಯಿಯ ಹೇಸಿಗೆಯಿಂದ ಹುಳುವಿನ ಮೊಟ್ಟೆ ಹುಲ್ಲಿಗೆ, ಹುಲ್ಲಿನಿಂದ ಕುರಿಯ ಮಿದುಳಿಗೆ, ಆ ಮಿದುಳು ತಿಂದ ನಾಯಿಯ ಹೊಟ್ಟೆಗೆ ಮತ್ತೆ ಹುಳು. ಈ ಸುತ್ತನ್ನು ಕಡಿಯಲು ಸತ್ತ ಕುರಿಯನ್ನು ಆಳವಾಗಿ ಹೂಳಿ, ನಾಯಿಗೆ ಮೂರು ತಿಂಗಳಿಗೊಮ್ಮೆ ಪಶುವೈದ್ಯರು ಹೇಳಿದ ಜಂತು ಔಷಧಿ ಕೊಡಿ. ನಾಯಿ ಎರಡಾದರೆ ಎರಡಕ್ಕೂ ಅದೇ ದಿನ ಕೊಡಬೇಕು.

ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳ ವಯಸ್ಸಿಗೆ, ನಂತರ ವರ್ಷಕ್ಕೊಮ್ಮೆ. ಹೊಸ ನಾಯಿಗೆ ಲಸಿಕೆ ಹಾಕಿಸಿದ ಚೀಟಿ ಇಲ್ಲದಿದ್ದರೆ ಹಾಕಿಸಿಯೇ ಮನೆಗೆ ತನ್ನಿ. ಈ ರೋಗದ ಲಕ್ಷಣ ಕಂಡ ಮೇಲೆ ಮನುಷ್ಯನೂ ಉಳಿಯುವುದಿಲ್ಲ ಎನ್ನಬಹುದು. ಯಾವ ನಾಯಿ ಕಚ್ಚಿದರೂ, ಪರಚಿದರೂ, ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಗಾಯ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ. ಖಾರದ ಪುಡಿ, ಸುಣ್ಣ, ಸೊಪ್ಪಿನ ರಸ ಹಚ್ಚುತ್ತ ಕೂಡಬೇಡಿ.

ಕೊನೆಯದಾಗಿ

ಒಂದೇ ನಾಯಿಗೆ ಹೊತ್ತು ಕೊಡಲಾಗದವರು, ಸದಾ ಸರಪಳಿಯಲ್ಲೇ ಕಟ್ಟುವವರು, ಈಗಾಗಲೇ ನೆರೆಯವರಿಂದ ದೂರು ಕೇಳಿದವರು ಎರಡನೆಯದನ್ನು ತರದಿರುವುದೇ ಲೇಸು. ಬೇಸರದ ನಾಯಿಗೆ ಇನ್ನೊಂದು ಬೇಸರದ ನಾಯಿ ಮದ್ದಲ್ಲ. ಅದಕ್ಕೆ ಮೊದಲ ಜೊತೆಗಾರ ಯಜಮಾನ. ನೀವು ಆ ಜೊತೆ ಕೊಟ್ಟ ಮೇಲೂ ಹೊಲ ದೊಡ್ಡದು, ಹಿಂಡು ದೊಡ್ಡದು, ಕಾವಲು ಸಾಲದು ಎನ್ನಿಸಿದರೆ ಧಾರಾಳವಾಗಿ ಎರಡನೆಯದನ್ನು ತನ್ನಿ. ತರುವಾಗ ಬಣ್ಣ, ಜಾತಿ, ಬೆಲೆ ನೋಡುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಜೋಡಿಯಲ್ಲಿ ಸಾಲು ಬಲ್ಲದ್ದು ಯಾವುದು? ಉತ್ತರ ಸಿಕ್ಕಿದರೆ ತನ್ನಿ, ಸಿಗದಿದ್ದರೆ ಇನ್ನೊಂದು ವರ್ಷ ಕಾಯಿರಿ.