ಬೀಗ ಹಾಕಿದ ವಿದ್ಯಾಕಾಶಿ

ಧಾರವಾಡವನ್ನು ವಿದ್ಯಾಕಾಶಿ ಎಂದು ಕರೆಯುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಯಾವ ಸಮಾರಂಭಕ್ಕೆ ಹೋದರೂ ಭಾಷಣಕಾರರು ಅದೇ ಪಟ್ಟಿ ಬಿಚ್ಚುತ್ತಾರೆ: 1890ರಲ್ಲಿ ವಿದ್ಯಾವರ್ಧಕ ಸಂಘ, 1917ರಲ್ಲಿ ಕರ್ನಾಟಕ ಕಾಲೇಜು, 1949ರಲ್ಲಿ ವಿಶ್ವವಿದ್ಯಾಲಯ, 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಐಐಟಿ. ಕೇಳಿ ಕೇಳಿ ನಮ್ಮ ಶಾಲೆಯ ಮಕ್ಕಳಿಗೂ ಬಾಯಿಪಾಠವಾಗಿದೆ. ಆದರೆ ಕಾಲೇಜುಗಳನ್ನು ಎಣಿಸಿ ಊರನ್ನು ಹೊಗಳುವುದೆಂದರೆ, ಪಾತ್ರೆಗಳನ್ನು ಎಣಿಸಿ ಅಡಿಗೆ ಚೆನ್ನಾಗಿದೆ ಎಂದ ಹಾಗೆ.

ಧಾರವಾಡಕ್ಕೆ ಹೆಸರು ಬಂದದ್ದು ತರಗತಿಗಳಿಂದ ಮಾತ್ರವಲ್ಲ, ಕಾಲೇಜಿನ ಕೊನೆಯ ಗಂಟೆ ಬಾರಿಸಿದ ಮೇಲಿನ ಬದುಕಿನಿಂದ. ಜಿ. ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆಯ ಅಟ್ಟದ ಮೇಲೆ ಲೇಖಕರು ಕೂತು ಹರಟಿದರು, ಜಗಳಾಡಿದರು. ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಹೊರಬಂದದ್ದು ಆ ಗ್ರಂಥಮಾಲೆಯಿಂದಲೇ. ಸಾಧನಕೇರಿಯಲ್ಲಿ ಬೇಂದ್ರೆಯವರಿದ್ದರು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರಂಥ ಗಾಯಕರು ಇದೇ ಊರಿನಲ್ಲಿದ್ದರು. ಓದಲು ಬಂದ ಹುಡುಗ ಸಂಜೆ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತರೂ ಸಾಕಿತ್ತು, ಯಾವ ಪಠ್ಯದಲ್ಲೂ ಇಲ್ಲದ್ದು ಕಿವಿಗೆ ಬೀಳುತ್ತಿತ್ತು.

ಈಗ ಹೇಳಿ, ಆ ಸಂಜೆಗಳಲ್ಲಿ ಓದಲು ಬಂದ ಹುಡುಗಿಯರು ಎಲ್ಲಿದ್ದರು?

ನಾನು 1989ರಲ್ಲಿ ಬಿ.ಎ. ಓದಲು ಹಳ್ಳಿಯಿಂದ ಬಂದವಳು. ನಾನಿದ್ದ ಹಾಸ್ಟೆಲಿನ ಬಾಗಿಲಿಗೆ ಸಂಜೆ ಆರೂವರೆಗೆ ಬೀಗ ಬೀಳುತ್ತಿತ್ತು. ಊರಿನ ಉಪನ್ಯಾಸಗಳು ಶುರುವಾಗುತ್ತಿದ್ದುದೇ ಆರಕ್ಕೆ. ನನ್ನ ಜೊತೆಗೇ ಓದುತ್ತಿದ್ದ ಸೋದರತ್ತೆಯ ಮಗ ಎಲ್ಲವನ್ನೂ ಕೇಳಿ ಬಂದು ಮರುದಿನ ನಮಗೆ ವರದಿ ಒಪ್ಪಿಸುತ್ತಿದ್ದ. ಒಂದೇ ಊರಿನಲ್ಲಿ ಮೂರು ವರ್ಷ ಓದಿದೆವು. ಅವನಿಗೆ ಸಿಕ್ಕ ಧಾರವಾಡ ನನಗೆ ಸಿಗಲಿಲ್ಲ.

ಅದು ಹಳೆಯ ಕಾಲ ಎನ್ನಬೇಡಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳಿಂದ ತುಂಬಿದ ಸಪ್ತಾಪುರಕ್ಕೆ ಹೋಗಿ ನೋಡಿ. ಅಲ್ಲಿ ರೂಮು ಮಾಡಿಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿನಿ ಮೊನ್ನೆ ಹೇಳಿದಳು: “ಅಕ್ಕೋರ, ಏಳಕ್ಕ ಗೇಟ್ ಹಾಕ್ತಾರ್ರಿ. ಓದೋ ಕೋಲಿ ಹತ್ತರ ತನಕ ತೆರದಿರ್ತದ. ಹುಡುಗರು ಕುಂತು ಓದತಾರ, ನಾ ಆರೂವರಿಗೇ ಪುಸ್ತಕ ಮುಚ್ಚತೇನ್ರಿ.” ದಿನಕ್ಕೆ ಮೂರೂವರೆ ಗಂಟೆ. ವರ್ಷದ ಲೆಕ್ಕ ನೀವೇ ಹಾಕಿ. ಪರೀಕ್ಷೆಯ ದಿನ ಮಾತ್ರ ಪ್ರಶ್ನೆಪತ್ರಿಕೆ ಇಬ್ಬರಿಗೂ ಒಂದೇ.

ಸುರಕ್ಷತೆಗಾಗಿ ಹೀಗೆ ಎನ್ನುತ್ತಾರೆ. ಹೆಣ್ಣು ಹೆತ್ತವರ ಭಯ ಸುಳ್ಳಲ್ಲ. 2024ರ ಏಪ್ರಿಲ್‌ನಲ್ಲಿ ಪಕ್ಕದ ಹುಬ್ಬಳ್ಳಿಯಲ್ಲಿ ಒಬ್ಬ ವಿದ್ಯಾರ್ಥಿನಿಯ ಕೊಲೆಯಾದಾಗ ನಮ್ಮೆಲ್ಲರ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಆದರೆ ಅದು ನಡೆದದ್ದು ರಾತ್ರಿಯ ರಸ್ತೆಯಲ್ಲಲ್ಲ, ಹಗಲು ಹೊತ್ತಿನಲ್ಲಿ, ಕಾಲೇಜಿನ ಆವರಣದಲ್ಲೇ. ಯಾವ ಹಾಸ್ಟೆಲಿನ ಬೀಗ ಅದನ್ನು ತಡೆಯುತ್ತಿತ್ತು? ಕಾಡುವವನು ರಸ್ತೆಯಲ್ಲಿರಲಿ, ಓದುವವಳು ಒಳಗಿರಲಿ ಎನ್ನುವುದು ಎಂಥ ನ್ಯಾಯ? ಸುರಕ್ಷತೆಯ ನೆಪದಲ್ಲಿ ಹುಡುಗಿಯರ ಹಾಸ್ಟೆಲಿಗೆ ಹುಡುಗರಿಗಿಲ್ಲದ ತಾರತಮ್ಯದ ನಿಯಮ ಹೇರಬಾರದೆಂದು ಯುಜಿಸಿಯ 2015ರ ನಿಯಮಾವಳಿಯೇ ಸ್ಪಷ್ಟವಾಗಿ ಹೇಳಿದೆ. ಎಷ್ಟು ವಾರ್ಡನ್‌ಗಳು ಅದನ್ನು ಓದಿದ್ದಾರೆ? ಓದಿದವರಲ್ಲಿ ಎಷ್ಟು ಜನ ಪಾಲಿಸಿದ್ದಾರೆ?

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ಸಿನ ಟಿಕೇಟು ಮಾಫಿಯಾಯಿತು. ಹಳ್ಳಿಯ ಹುಡುಗಿಯರು ಕಾಲೇಜಿಗೆ ಬರುವುದು ಹಗುರವಾಯಿತು, ಸಂತೋಷ. ಆದರೆ ಬಸ್ಸಿಳಿದ ಮೇಲೆ? ಓಣಿಯ ದೀಪ ಉರಿಯಬೇಡವೇ? ಓದುವ ಕೋಣೆಯ ಹತ್ತಿರ ನೀರಿರುವ, ಒಳಗಿನಿಂದ ಚಿಲಕ ಬೀಳುವ ಶೌಚಾಲಯ ಬೇಡವೇ? ಒಂದು ಕಪ್ಪು ಚಹಾ ಹಿಡಿದುಕೊಂಡು ಗೆಳತಿಯೊಂದಿಗೆ ಅರ್ಧ ಗಂಟೆ ವಾದ ಮಾಡುತ್ತಾ ಕೂತರೆ ಯಾರೂ ದುರುಗುಟ್ಟಿ ನೋಡದ ಒಂದು ಜಾಗ ಬೇಡವೇ? ಇವೇನು ಕೋಟಿಗಟ್ಟಲೆ ಖರ್ಚಿನ ಬಾಬತ್ತುಗಳಲ್ಲ. ಇವಿಲ್ಲದೆ ಇನ್ನೂ ಹತ್ತು ಕಾಲೇಜು ಕಟ್ಟಿದರೂ, ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಎಂಬ ಗಾದೆಯೇ ನಮಗೆ ಸರಿ.

ನಗರಪಾಲಿಕೆಯನ್ನು, ಸರಕಾರವನ್ನು ಬೈದು ಸುಮ್ಮನಾಗುವುದು ಸುಲಭ. ಆದರೆ ಮಹಡಿಯ ಮೇಲಿನ ಎರಡು ಕೋಣೆಗಳನ್ನು ಓದುವ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟವರಲ್ಲಿ ನಮ್ಮ ನಿಮ್ಮಂಥ ಹೆಂಗಸರೇ ಎಷ್ಟೋ ಜನ. ಬಾಡಿಗೆ ಎಣಿಸಿಕೊಳ್ಳುವಾಗ ಅವಳು ಓದಲು ಬಂದವಳು, ಏಳು ಗಂಟೆಯಾದರೆ ಸಂಶಯದವಳು! ಅವಳು ತಡವಾಗಿ ಬಂದರೆ ‘ಎಲ್ಲಿಗೆ ಹೋಗಿದ್ದೆ’ ಎನ್ನುವ ಬದಲು ‘ಏನು ಓದಿದೆ, ಊಟ ಆಯಿತೇ’ ಎಂದು ಕೇಳಿದರೆ ನಮ್ಮ ಗಂಟೇನೂ ಹೋಗುವುದಿಲ್ಲ. ಬೀಗದ ಕೈ ಎಷ್ಟೋ ಸಲ ನಮ್ಮ ಸೆರಗಿನ ತುದಿಯಲ್ಲೇ ಇರುತ್ತದೆ, ಅಕ್ಕಂದಿರೇ. ಅದನ್ನು ಬಿಚ್ಚಲು ಯಾವ ಸರಕಾರದ ಆದೇಶವೂ ಬೇಕಾಗಿಲ್ಲ.