ಏನೂ ಬದಲಾಗಿಲ್ಲವಂತೆ!

ಹಳೆಯ ಹೋಟೆಲುಗಳನ್ನು ಹೊಗಳುವುದು ಈಗ ಒಂದು ವ್ರತವೇ ಆಗಿಬಿಟ್ಟಿದೆ. ಭಾನುವಾರ ಬೆಳಗಾದರೆ ಬೆಂಗಳೂರಿನ ಸದ್ಗೃಹಸ್ಥರು ಸಂಸಾರಸಮೇತರಾಗಿ ಲಾಲ್‌ಬಾಗ್ ರಸ್ತೆಯಲ್ಲೋ ಗಾಂಧಿಬಜಾರಿನಲ್ಲೋ ಸಾಲು ನಿಂತು, ಮಸಾಲೆ ದೋಸೆ ತಿಂದು, ಕೈ ಒರೆಸಿಕೊಳ್ಳುತ್ತ ಆಡುವ ಮಾತು ಒಂದೇ: “ನಮ್ಮ ತಾತನ ಕಾಲದಲ್ಲಿ ಹೇಗಿತ್ತೋ ಇಂದಿಗೂ ಹಾಗೆಯೇ ಇದೆ. ಏನೂ ಬದಲಾಗಿಲ್ಲ!” ದೋಸೆಯ ಮೇಲೆ ನನಗೆ ತಕರಾರಿಲ್ಲ, ಆ ಸಾಲಿನಲ್ಲಿ ನಾನೂ ನಿಂತವನೇ. ತಕರಾರು ಈ ಮಾತಿನ ಮೇಲೆ. ಇದು ಸುಳ್ಳು. ಸುಳ್ಳಾಗಿರುವುದು ನಮ್ಮೆಲ್ಲರ ಪುಣ್ಯ.

ಮಾವಳ್ಳಿ ಟಿಫಿನ್ ರೂಮ್ಸನ್ನೇ ತೆಗೆದುಕೊಳ್ಳಿ. ಉಡುಪಿಯ ಕಡೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ತೆರೆದಾಗ ಅದರ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪನ್ನು ಸುತ್ತಿ, ಅಲ್ಲಿಯ ಹೋಟೆಲುಗಳ ಶುಚಿತ್ವವನ್ನು ಕಂಡು ಬಂದರು. ಬಂದು ತಮ್ಮ ಅಡುಗೆಮನೆಯ ವ್ಯವಸ್ಥೆಯನ್ನೇ ತಿದ್ದಿದರು. 1960ರಲ್ಲಿ ಹೊಸ ಜಾಗ, ಹೊಸ ಹೆಸರು. ರವೆ ಇಡ್ಲಿಯೂ ಸನಾತನವಲ್ಲ, ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ಹುಟ್ಟಿದ್ದೆಂದು ಅವರೇ ಹೇಳಿಕೊಂಡಿದ್ದಾರೆ. ಹೆಸರು, ಜಾಗ, ಅಡುಗೆಮನೆ, ತಿಂಡಿ ಎಲ್ಲವನ್ನೂ ಬದಲಾಯಿಸಿ ಬದುಕಿದ ಹೋಟೆಲನ್ನು ‘ಬದಲಾಗದ್ದು’ ಎಂದು ಹೊಗಳುವುದು ಆ ಹಿರಿಯರಿಗೆ ಮಾಡುವ ಅಪಚಾರವಲ್ಲವೆ?

ಅಂಥ ಹೆಸರಿನ ಹಲಗೆ ಆಗ ಊರೂರಲ್ಲೂ ತೂಗುತ್ತಿತ್ತು. ಅದರಿಂದ ‘ಬ್ರಾಹ್ಮಣ’ ಎಂಬ ಪದವನ್ನು ಅಳಿಸಬೇಕೆಂದು ಪೆರಿಯಾರ್ ರಾಮಸ್ವಾಮಿಯವರ ಕಡೆಯವರು 1957ರಲ್ಲಿ ಮದರಾಸಿನಲ್ಲಿ ಚಳವಳಿಯನ್ನೇ ಹೂಡಬೇಕಾಯಿತು. “ಅಯ್ಯೋ, ಅದು ಸಸ್ಯಾಹಾರವೆಂದು ತಿಳಿಸುವ ಗುರುತಷ್ಟೆ, ಸವಿನೆನಪಿನಲ್ಲಿ ಕಹಿ ಏಕೆ ಕಲಸುತ್ತೀರಿ?” ಎನ್ನುವ ಮಹಾಶಯರು ಇಂದಿಗೂ ಉಂಟು. ಅವರಿಗಾಗಿ ನಮ್ಮ ಸೀಮೆಯ ಒಂದು ಸಂಗತಿ ಹೇಳುತ್ತೇನೆ.

1956ರ ಮಾತು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಎಲ್ಲವೂ ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಪೇಟೆಗಳು. ಅವುಗಳಲ್ಲೊಂದರಲ್ಲಿ ಸಂತೆಯ ದಿನ, ಒಂದೇ ಬೆಂಚಿನಲ್ಲಿ ಕುಳಿತು ಓದುತ್ತಿದ್ದ ನಾವಿಬ್ಬರು ಹುಡುಗರು ಕೂಡಿಟ್ಟ ಆಣೆಗಳನ್ನು ಎಣಿಸಿಕೊಂಡು ಹೋಟೆಲಿಗೆ ಹೋದೆವು. ಗಲ್ಲಾದಲ್ಲಿದ್ದವರು ನಮ್ಮ ತಂದೆಯನ್ನು ಬಲ್ಲವರು. “ಒಳಗೆ ಹೋಗು ಮರಿ” ಎಂದು ನನ್ನನ್ನು ಒಳಕೋಣೆಗೆ ಕಳಿಸಿದರು. ಗೆಳೆಯನಿಗೆ ಹಿತ್ತಲು ತೋರಿಸಿದರು. ಅಲ್ಲಿ ಗೋಡೆಯ ಗೂಡಿನಲ್ಲಿದ್ದ ಲೋಟವನ್ನು ಅವನೇ ತೆಗೆದು, ಅವನೇ ತೊಳೆದು, ಮೇಲಿನಿಂದ ಹೊಯ್ದ ಕಾಫಿಯನ್ನು ನಿಂತೇ ಕುಡಿದ. ಕಿಟಕಿಯಿಂದ ಎಲ್ಲವೂ ಕಾಣುತ್ತಿತ್ತು. ನಾನು ಎದ್ದು ಬರಲಿಲ್ಲ. ಇಡ್ಲಿಗೆ ಇನ್ನೊಂದು ಸೌಟು ಚಟ್ನಿ ಹಾಕಿಸಿಕೊಂಡೆ. ಬಹಳ ಚೆನ್ನಾಗಿತ್ತು ಆ ಚಟ್ನಿ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಮಾರನೆಯ ದಿನ ಅವನು ಬೇರೆ ಬೆಂಚಿಗೆ ಹೋಗಿ ಕುಳಿತ.

ಹೋಟೆಲಿಗೆ ಹೋಗಲು ಯಾರಿಗೂ ಜಾತಿಯ ಕಾರಣದಿಂದ ಅಡ್ಡಿಯಿರಕೂಡದೆಂದು ಸಂವಿಧಾನದ 15ನೆಯ ವಿಧಿ 1950ರಲ್ಲೇ ಹೇಳಿತ್ತು. ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ವಿಧಿಸುವ ಕಾಯಿದೆ 1955ರಲ್ಲಿ ಬಂದಿತ್ತು. ಆದರೂ ಲೋಟ ಗೂಡಿನಲ್ಲೇ ಇತ್ತು. ಅದನ್ನು ಅಲ್ಲಿಂದ ಇಳಿಸಿದ್ದು ತಾತಂದಿರ ಕೈರುಚಿಯಲ್ಲ. ಹಿತ್ತಲಿಗೆ ಹೋಗುವುದಿಲ್ಲವೆಂದು ಹಟ ಹಿಡಿದವರು, ಬೈಸಿಕೊಂಡವರು, ಏಟು ತಿಂದವರು. ಅವರ ಹೆಸರನ್ನು ಯಾವ ಹೋಟೆಲಿನ ಚರಿತ್ರೆಯಲ್ಲೂ ನಾನು ಓದಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬಂದ ರೈತನೂ ಗೂಡು ಕೊಳ್ಳುವ ರೀಲರನೂ ಇಂದು ಒಂದೇ ಮೇಜಿಗೆ ಎದುರುಬದುರು ಕುಳಿತು, ಬೆಲೆಯ ವಿಷಯಕ್ಕೆ ಜಗಳವಾಡುತ್ತ ತಿಂಡಿ ತಿನ್ನಬಹುದಾದರೆ ಅದು ಅಂಥವರ ದುಡಿಮೆ. ಇಷ್ಟಾಗಿಯೂ ಹಳ್ಳಿಯ ಕಾಫಿ ಅಂಗಡಿಗಳ ಎರಡು ಲೋಟದ ಸುದ್ದಿ ಪತ್ರಿಕೆಗಳಲ್ಲಿ ಪೂರ್ತಿ ನಿಂತಿಲ್ಲ. ಈಗ ಬಿಸಾಡುವ ಕಾಗದದ ಲೋಟ ಬಂದಿದೆ. ಕೆಲವರಿಗೆ ಸ್ಟೀಲು, ಕೆಲವರಿಗೆ ಕಾಗದ ಎಂದರೆ ತೊಳೆಯಿಸುವ ಮುಜುಗರವೂ ಇಲ್ಲ!

ಆದ್ದರಿಂದ, ತಾತನ ಕಾಲದಂತೆಯೇ ಇದೆ ಎಂದು ಬೀಗುವವರನ್ನು ನಾನು ಕೇಳುವುದಿಷ್ಟೆ: ಸ್ವಾಮಿ, ತಮ್ಮ ತಾತನವರು ಕುಳಿತದ್ದು ಒಳಗೋ, ಹಿತ್ತಲಲ್ಲೋ? ಹಿತ್ತಲಲ್ಲಿ ನಿಂತವರ ಮೊಮ್ಮಕ್ಕಳ ಬಾಯಲ್ಲಿ ಈ ಹೊಗಳಿಕೆಯನ್ನು ನಾನಂತೂ ಕೇಳಿಲ್ಲ.

ಹೋದ ವರ್ಷ ಆ ಪೇಟೆಗೆ ಹೋಗಿದ್ದೆ. ಹೋಟೆಲು ಇನ್ನೂ ಇದೆ, ನಡೆಸುವವರು ಬೇರೆ. ಒಳಕೋಣೆಯ ಗೋಡೆ ಒಡೆದು ಎಲ್ಲವನ್ನೂ ಒಂದೇ ಹಜಾರ ಮಾಡಿದ್ದಾರೆ. ಹಿತ್ತಲಿದ್ದ ಕಡೆ ಕೈ ತೊಳೆಯುವ ತೊಟ್ಟಿ. ಜನ ಕಿಕ್ಕಿರಿದಿದ್ದರು, ಯಾರ ಪಕ್ಕದಲ್ಲಿ ಕುಳಿತೆನೋ ನನಗೆ ತಿಳಿಯದು, ಅವರೂ ಕೇಳಲಿಲ್ಲ. ಚಟ್ನಿ ಮೊದಲಿನಷ್ಟು ಚೆನ್ನಾಗಿರಲಿಲ್ಲ. ಇನ್ನೊಂದು ಸೌಟು ಹಾಕಿಸಿಕೊಂಡೆ.